ಪೌಡ್ ತೋಟಕ್ಕೆ ಸಾಧು ಕುದುರೆ: ರೇಸ್ ಬಿಟ್ಟದ್ದು ಆಗುತ್ತಾ?

ಮುಳಶಿ ತೋಟ:
ನಮಸ್ಕಾರ. ಪುಣೆ ಹತ್ತಿರ ಪೌಡ್ ಕಡೆ ತೋಟವಿದೆ. ದೊಡ್ಡವರೂ ಮಕ್ಕಳೂ ಹತ್ತುವಂಥ, ದನದ ಹಿಂದೆ ಬಿಟ್ಟರೂ ಬೆದರದ ಕುದುರೆ ಬೇಕು. ಇಬ್ಬರು ಸವಾರರು ಸೇರಿ ಹೋರಿಗೆ ಹಗ್ಗ ಹಾಕುವ ಅಮೆರಿಕದ ಆಟ ಟೀಮ್ ರೋಪಿಂಗ್‌ನ ಕ್ವಾರ್ಟರ್ ಹಾರ್ಸ್ ತಳಿ ನೋಡಿ ಹುಟ್ಟಿದ ಆಸೆ. ರೇಸ್ ಬಿಟ್ಟ ಥರೋಬ್ರೆಡ್ (ರೇಸಿನ ತಳಿ) ಒಂದು ಅಗ್ಗಕ್ಕೆ ಸಿಗುತ್ತಿದೆ, ಏಳು ವರ್ಷ ಅಂತಾರೆ. ತಗೊಳ್ಳಬಹುದಾ?

ಲಾಯದ ರಾಯರು:
ತಳಿ ಆಮೇಲೆ. ಆ ಆಟದಲ್ಲಿ ಮುಂದಿನ ಸವಾರ ಹೋರಿಯ ಕೊಂಬಿಗೆ ಕುಣಿಕೆ ಹಾಕಿ, ಹಗ್ಗವನ್ನು ಜೀನಿನ ಮುಂಭಾಗದ ಗೂಟಕ್ಕೆ ಸುತ್ತಿ ಎಡಕ್ಕೆ ಎಳೆದೊಯ್ಯುತ್ತಾನೆ. ಅವನ ಕುದುರೆಗೆ ಮೈಕಟ್ಟು ಬೇಕು. ಹಿಂದಿನವನು ಹಿಂಗಾಲೆರಡಕ್ಕೂ ಕುಣಿಕೆ ಹಾಕಬೇಕು, ಒಂದೇ ಸಿಕ್ಕರೆ 5 ಸೆಕೆಂಡ್ ದಂಡ. ಅವನ ಕುದುರೆ ಗಕ್ಕನೆ ನಿಲ್ಲಬೇಕು. ಎರಡೂ ಕಡೆ ಸಲ್ಲುವ ಕುದುರೆ ಸಿಗುವುದು ಕಡಿಮೆ. ಆದರೆ ಸ್ವಭಾವ ಗೊತ್ತಾಗುವುದು ಓಟದಲ್ಲಲ್ಲ, ಅದಕ್ಕೂ ಮುಂಚೆ: ಪಕ್ಕದಲ್ಲೇ ಹೋರಿ ಗುದ್ದಾಡುತ್ತಿದ್ದರೂ ಸಡಿಲ ಲಗಾಮಿನಲ್ಲಿ ಸುಮ್ಮನೆ ನಿಲ್ಲುತ್ತದಾ ಅನ್ನುವುದರಲ್ಲಿ. ರೇಸ್ ಕುದುರೆಗೆ ಕಲಿಸಿರುವುದು ಇದಕ್ಕೆ ಉಲ್ಟಾ. ಬಾಯಿ ಬಿಗಿ ಹಿಡಿದಷ್ಟೂ ಮುನ್ನುಗ್ಗುತ್ತದೆ.

ನೋಡಲು ಹೋದಾಗ ಮೊದಲೇ ಜೀನು ಹಾಕಿಟ್ಟಿದ್ದರೆ ಬಿಚ್ಚಿಸಿ. ಕೆಳಗೆ ಬೆವರಿದ್ದರೆ ಆಗಲೇ ಓಡಿಸಿ ದಣಿಸಿದ್ದಾರೆ ಅಂತ ಅರ್ಥ. ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೊತ್ತಿ ಕಚ್ಚಲು ಬರುತ್ತದಾ ಗಮನಿಸಿ. ಮೊದಲು ಸೈಸ್ (ಕುದುರೆ ನೋಡಿಕೊಳ್ಳುವವನು) ಹತ್ತಲಿ, ಕ್ಯಾಂಟರ್ (ಮಧ್ಯಮ ವೇಗದ ಓಟ) ಮುಗಿದ ಕೂಡಲೇ ನಿಲ್ಲಿಸಿ ಲಗಾಮು ಸಡಿಲ ಬಿಡಲಿ. ಎರಡು ನಿಮಿಷ ಕಾಲು ಕೆರೆಯದೆ, ತಲೆ ಕೊಡವದೆ ನಿಂತರೆ ಮಾತು ಮುಂದುವರಿಸಿ. ಜೊತೆ ಕುದುರೆಗಳನ್ನು ಬಿಟ್ಟು ಒಂಟಿಯಾಗಿ ಗೇಟು ದಾಟಬೇಕು. ಇನ್ನೊಂದು ದಿನ ಹೇಳದೆ ಹೋಗಿ ಇಷ್ಟನ್ನೂ ಮತ್ತೆ ಮಾಡಿಸಿ.

ಹಡಪ್ಸರ್ ಡಾಕ್ಟರ್:
ರಾಯರು ಹೇಳಿದ್ದು ಖರೆ. ಆದ್ರ ಸಾಧು ಕಾಣಸ್ಲಿಕ್ಕೆ ಮಂಪರಿನ ಇಂಜೆಕ್ಷನ್ ಕೊಟ್ಟಿದ್ರ? ತಲಿ ತಗ್ಗಿ, ಕೆಳತುಟಿ ಜೋತುಬಿದ್ದಿರ್ತದ. ಕುಂಟು ಮುಚ್ಚಲಿಕ್ಕೆ ಫಿನೈಲ್‌ಬ್ಯುಟಜೋನ್ ಅನ್ನೋ ನೋವಿನ ಔಷಧ ಕೊಡೋರೂ ಇದ್ದಾರ. ರೊಕ್ಕ ಕೊಡೋಕಿಂತ ಮೊದ್ಲ ರಕ್ತ ತಗಿಸಿ ಈ ಔಷಧ ಅದಾವೇನು ನೋಡಸ್ರಿ. ಅದರಾಗ ಗ್ಲಾಂಡರ್ಸ್, ಸರ್ರಾ ಅನ್ನೋ ಎರಡೂ ರೋಗ ನೋಡಸ್ರಿ. ಗ್ಲಾಂಡರ್ಸ್ ಮನುಷ್ಯಾಗೂ ಹತ್ತತದ, ಲಸಿಕಿ ಇಲ್ಲ.

ಗಟ್ಟಿ ನೆಲದ ಮ್ಯಾಲೆ ಟ್ರಾಟ್ (ಕುಲುಕು ಓಟ) ಮಾಡಸ್ರಿ. ಮುಂಗಾಲು ನೋವಿದ್ರ ಆ ಕಾಲು ಊರಿದಾಗ ತಲಿ ಮ್ಯಾಲೆ ಏಳ್ತದ. ಮುಂಗಾಲಿನ ಹಿಂದ, ಮೊಣಕಾಲಿಂದ ಕೆಳಗ ಟೆಂಡನ್ ಅನ್ನೋ ಗಟ್ಟಿ ಹುರಿ ಮ್ಯಾಲೆ ಬೆರಳಾಡಿಸಿ ಎರಡೂ ಕಾಲು ಹೋಲಿಸ್ರಿ. ಒಂದು ದಪ್ಪಾಗಿ ಬಿಲ್ಲಿನಂಗ ಉಬ್ಬಿದ್ರ ಹಳೇ ಪೆಟ್ಟು: ಮಕ್ಕಳನ್ನ ಕೂಡಿಸಿ ನಡೆಸಲಿಕ್ಕೆ ಸಾಕು, ದನದ ಹಿಂದ ಓಡಿ ಗಕ್ಕನೆ ನಿಲ್ಲಲಿಕ್ಕೆ ಬ್ಯಾಡ. ವಯಸ್ಸಿಗೆ ಮುಂದಿನ ಹಲ್ಲಿನ ಮೇಲಿನ ಸಾಲಿನಾಗ ಮೂಲಿ ಹಲ್ಲು ನೋಡ್ರಿ. ಒಸಡಿನಿಂದ ಕೆಳಗ ಕಂದು ಗೀರು ಇಳಿದಿದ್ರ ಸುಮಾರು ಹತ್ತು ದಾಟೇದ, ಏಳು ಅಲ್ಲ.

ಮಡಗಾಂವ್ ಮಂಜು:
ಹಗ್ಗದ ಆಸೆ ಇದ್ದರೆ ಒಂದು ಮಾತು. ಇಲ್ಲಿ ಸಿಗುವ ಇಂಗ್ಲಿಷ್ ಜೀನಿಗೆ ಗೂಟವಿಲ್ಲ. ಅದರಿಂದ ಏನನ್ನೂ ಎಳೆಸಬೇಡಿ, ಹಗ್ಗವನ್ನು ಮೈಗಂತೂ ಕಟ್ಟಿಕೊಳ್ಳಲೇಬೇಡಿ. ವೆಸ್ಟರ್ನ್ ಜೀನು ಸಿಕ್ಕರೂ ಹಿಂದಿನ ಪಟ್ಟಿಯೂ ಇರಬೇಕು, ಇಲ್ಲದಿದ್ದರೆ ಭಾರ ಬಿದ್ದಾಗ ಜೀನಿನ ಹಿಂಭಾಗ ಮೇಲೇಳುತ್ತದೆ. ಮೊದಲು ನೆಲದ ಮೇಲೆ ನಿಂತು ಹಗ್ಗವನ್ನು ಹಿಂಗಾಲು, ಬಾಲದ ಬುಡಕ್ಕೆ ಸವರಿ ರೂಢಿ ಮಾಡಿ, ಆಮೇಲೆ ಹಗುರ ಮರದ ತುಂಡು ಎಳೆಸಿ. ಗೂಟಕ್ಕೆ ಸುತ್ತುವಾಗ ಹೆಬ್ಬೆರಳು ಮೇಲಕ್ಕಿರಲಿ. ಹಗ್ಗಕ್ಕೂ ಗೂಟಕ್ಕೂ ನಡುವೆ ಸಿಕ್ಕ ಬೆರಳು ಕತ್ತರಿಸಿಯೇ ಹೋಗುತ್ತದೆ.

ಮುಳಶಿ ತೋಟ:
ಎಲ್ಲರಿಗೂ ಥ್ಯಾಂಕ್ಸ್. ನಮ್ಮ ಕಡೆ ಮಳೆ ವಿಪರೀತ. ಲಾಯ ಹೇಗಿರಬೇಕು?

ಲಾಯದ ರಾಯರು:
ನೆಲ ಎತ್ತರಿಸಿ, ಉಚ್ಚೆ ಹರಿದುಹೋಗುವಂತೆ ಇಳಿಜಾರು ಕೊಡಿ. ದಿನಾ ಗೊರಸು ಕೆದಕಿ. ತಳದ ಮೆತ್ತನೆ ತ್ರಿಕೋನದ ಪಕ್ಕದಲ್ಲಿ ಕಪ್ಪಗೆ ಗಬ್ಬು ನಾರುವ ಕೀವು ಬಂದರೆ ಕೊಳೆ ಶುರುವಾಗಿದೆ. ನಾಲ್‌ಬಂದ್ (ಲಾಳ ಕಟ್ಟುವವನು) ಆರರಿಂದ ಎಂಟು ವಾರಕ್ಕೊಮ್ಮೆ ಪೌಡ್‌ವರೆಗೆ ಬರುತ್ತಾನಾ, ಅದನ್ನು ಕುದುರೆಗಿಂತ ಮೊದಲು ಕೇಳಿ.