ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ: ಮನೆಯಲ್ಲಿ ಜೋಡಿಸಿದ ಡೆಸ್ಕ್‌ಟಾಪ್ ಕುರಿತು ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು ತಂದು ಮನೆಯಲ್ಲಿಯೇ ಡೆಸ್ಕ್‌ಟಾಪ್ ಜೋಡಿಸಿದ್ದೇನೆ. ಎಎಂಡಿಯ ರೈಜೆನ್ 5 7600 ಪ್ರೊಸೆಸರ್, ಬಿ650 ಮದರ್‌ಬೋರ್ಡ್, 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್ ಮತ್ತು 650 ವ್ಯಾಟ್‌ನ ಎಸ್‌ಎಂಪಿಎಸ್ (ಕರೆಂಟ್ ಒದಗಿಸುವ ಪವರ್ ಸಪ್ಲೈ) ಇವೆ. ಗ್ರಾಫಿಕ್ಸ್ ಕಾರ್ಡ್ ಇನ್ನೂ ಕೊಂಡಿಲ್ಲ. ಪವರ್ ಬಟನ್ ಒತ್ತಿದರೆ ಎಲ್ಲ ಫ್ಯಾನ್‌ಗಳೂ ತಿರುಗುತ್ತವೆ, ಆದರೆ ಮಾನಿಟರ್‌ನಲ್ಲಿ ‘ನೋ ಸಿಗ್ನಲ್’ ಎಂದಷ್ಟೇ ಬರುತ್ತದೆ ಮತ್ತು ಬೋರ್ಡಿನ ಅಂಚಿನಲ್ಲಿ ಒಂದು ಕಿತ್ತಳೆ ದೀಪ ಉರಿಯುತ್ತಿರುತ್ತದೆ. ಪ್ರತಿ ಸಲ ಒಂದು ನಿಮಿಷ ಕಾದು, ಆಫ್ ಮಾಡಿ, ರ‍್ಯಾಮ್‌ಗಳನ್ನು ಬೇರೆ ಸ್ಲಾಟ್‌ಗೆ ಹಾಕಿ ನೋಡಿದ್ದೇನೆ. ಬೋರ್ಡಿನ ಸೆಲ್ ತೆಗೆದು ಹಾಕಿದ್ದೂ ಆಯಿತು. ಬೋರ್ಡ್ ಹೋಗಿದೆ, ತಂದುಕೊಡಿ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಬೋರ್ಡ್ ಬಿಚ್ಚಬೇಡಿ. ಫ್ಯಾನ್ ತಿರುಗಿದ ಮಾತ್ರಕ್ಕೆ ಕಂಪ್ಯೂಟರ್ ಶುರುವಾಯಿತು ಎಂದಲ್ಲ. ಎಸ್‌ಎಂಪಿಎಸ್‌ನಿಂದ 12 ವೋಲ್ಟ್ ಬರುತ್ತಿದೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಆನ್ ಆದ ಕೂಡಲೇ ಬಯಾಸ್ (ಬೋರ್ಡಿನಲ್ಲಿಯೇ ಇರುವ ಆರಂಭದ ಸಾಫ್ಟ್‌ವೇರ್) ಮೊದಲು ಪ್ರೊಸೆಸರ್, ಆಮೇಲೆ ರ‍್ಯಾಮ್, ಆಮೇಲೆ ಡಿಸ್‌ಪ್ಲೇ, ಕೊನೆಗೆ ವಿಂಡೋಸ್ ಇರುವ ಡಿಸ್ಕ್ ಹೀಗೆ ಒಂದೊಂದನ್ನೇ ಪರೀಕ್ಷಿಸುತ್ತಾ ಹೋಗುತ್ತದೆ, ಮತ್ತು ಎಲ್ಲಿ ನಿಂತಿದೆಯೋ ಅಲ್ಲಿಯ ದೀಪ ಉರಿಯುತ್ತಲೇ ಇರುತ್ತದೆ. ದೀಪದ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆಯಾಗುವುದರಿಂದ ಬಣ್ಣವನ್ನು ನಂಬದೆ, ಪಕ್ಕದಲ್ಲಿ ಸಣ್ಣದಾಗಿ ಮುದ್ರಿಸಿರುವ ಸಿಪಿಯು, ಡಿರ‍್ಯಾಮ್, ವಿಜಿಎ (ಡಿಸ್‌ಪ್ಲೇ), ಬೂಟ್ ಎಂಬ ಅಕ್ಷರಗಳನ್ನು ಟಾರ್ಚ್ ಹಿಡಿದು ಓದಿಕೊಳ್ಳಿ. ನೀವು ಹೇಳುವ ಲಕ್ಷಣ ನೋಡಿದರೆ ಅದು ಡಿರ‍್ಯಾಮ್ ದೀಪವೇ ಇರಬೇಕು.

ನಿಮ್ಮ ಬಿ650 ಸೇರಿದಂತೆ, 2022ರಲ್ಲಿ ಬಂದ ಎಎಂ5 (ಎಎಂಡಿಯ ಪ್ರೊಸೆಸರ್ ಕೂರುವ ಸಾಕೆಟ್) ಬೋರ್ಡ್‌ಗಳಲ್ಲಿ ಡಿಡಿಆರ್5 ರ‍್ಯಾಮ್ ಮೊದಲ ಸಲ ಆನ್ ಆಗುವಾಗ ‘ಮೆಮೊರಿ ಟ್ರೇನಿಂಗ್’ ಎಂಬ ಕೆಲಸ ನಡೆಯುತ್ತದೆ. ಪ್ರೊಸೆಸರ್ ಮತ್ತು ರ‍್ಯಾಮ್ ನಡುವೆ ಹರಿಯುವ ಸಿಗ್ನಲ್‌ಗಳ ವೇಗ ಬಹಳ ಹೆಚ್ಚಾಗಿರುವುದರಿಂದ, ನಿಮ್ಮ ಬೋರ್ಡಿನಲ್ಲಿ ನಿಮ್ಮ ರ‍್ಯಾಮ್‌ಗೆ ಯಾವ ವೋಲ್ಟೇಜ್, ಯಾವ ಸಮಯದ ಅಂತರ ಹೊಂದುತ್ತದೆ ಎಂಬುದನ್ನು ಬಯಾಸ್ ಒಂದೊಂದಾಗಿ ಪ್ರಯತ್ನಿಸಿ ಗುರುತಿಟ್ಟುಕೊಳ್ಳಬೇಕು. ಅಷ್ಟು ಹೊತ್ತು ಪರದೆ ಕಪ್ಪಾಗಿಯೇ ಇರುತ್ತದೆ. ನಡುವೆ ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುವುದೂ ಉಂಟು. ಇದಕ್ಕೆ ಹಲವು ನಿಮಿಷಗಳೇ ಹಿಡಿಯಬಹುದು. ನೀವು ಪ್ರತಿ ಸಲವೂ ಅದು ಮುಗಿಯುವ ಮೊದಲೇ ಕರೆಂಟ್ ತೆಗೆದಿದ್ದೀರಿ; ಸೆಲ್ ತೆಗೆದಾಗ ಮತ್ತು ಸ್ಲಾಟ್ ಬದಲಿಸಿದಾಗ ಆ ಕೆಲಸ ಮತ್ತೆ ಮೊದಲಿನಿಂದ ಶುರುವಾಗಿದೆ.

ಈಗ ಪ್ಲಗ್ ಕಿತ್ತು, ಒಂದೇ ರ‍್ಯಾಮನ್ನು ಪ್ರೊಸೆಸರ್ ಕಡೆಯಿಂದ ಎರಡನೆಯ ಸ್ಲಾಟ್‌ಗೆ, ಅಂದರೆ ಎ2ಗೆ, ಕೊಕ್ಕೆ ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿ. ಎಚ್‌ಡಿಎಂಐ ಕೇಬಲ್ ಬೋರ್ಡಿಗೇ ಇರಲಿ, ಏಕೆಂದರೆ 7600 ಪ್ರೊಸೆಸರ್ ಒಳಗೇ ಗ್ರಾಫಿಕ್ಸ್ ಇದೆ (7500ಎಫ್ ಆಗಿದ್ದರೆ ಕಾರ್ಡ್ ಇಲ್ಲದೆ ಡಿಸ್‌ಪ್ಲೇ ಬರುತ್ತಲೇ ಇರಲಿಲ್ಲ). ಆನ್ ಮಾಡಿ 15 ನಿಮಿಷ ಏನನ್ನೂ ಮುಟ್ಟದೆ ಬಿಡಿ. ಆಗಲೂ ಬಾರದಿದ್ದರೆ ಇನ್ನೊಂದು ರ‍್ಯಾಮ್‌ನಿಂದ ಹೀಗೆಯೇ ನೋಡಿ. ರಬ್ಬರಿನಿಂದ ರ‍್ಯಾಮ್ ಉಜ್ಜುವ ನಮ್ಮೆಲ್ಲರ ಅಭ್ಯಾಸ ಹಳೆಯ ಯಂತ್ರಗಳಿಗೆ ಸರಿ, ಡಬ್ಬಿಯಿಂದ ಈಗಷ್ಟೇ ತೆಗೆದ ರ‍್ಯಾಮ್‌ಗೆ ಅದು ಬೇಡ.

ಎರಡೂ ರ‍್ಯಾಮ್‌ನಿಂದ ಆಗದಿದ್ದರೆ ಮಾತ್ರ ಕೂಲರ್ ಬಿಚ್ಚಿ. ಎಎಂ5ನಲ್ಲಿ ಪಿನ್‌ಗಳು ಪ್ರೊಸೆಸರ್‌ನಲ್ಲಿ ಇಲ್ಲ, ಬೋರ್ಡಿನ ಸಾಕೆಟ್‌ನಲ್ಲಿ 1718 ಇವೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಬಾಗಿದ ಪಿನ್ ಇದ್ದಲ್ಲಿ ಸಾಲು ಮುರಿದಂತೆ ಕಾಣುತ್ತದೆ. ಕೂಲರ್‌ನ ಸ್ಕ್ರೂಗಳನ್ನು ಒಂದು ಕಡೆ ಮಾತ್ರ ಬಿಗಿ ಮಾಡಿದ್ದರೂ ರ‍್ಯಾಮ್ ಪತ್ತೆಯಾಗದೆ ಹೋಗಬಹುದು, ಆದ್ದರಿಂದ ಮತ್ತೆ ಹಾಕುವಾಗ ಎದುರುಬದುರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ.

ಪ್ರಶ್ನೆ (ಅವರೇ): ಸರ್, ಒಂದೇ ರ‍್ಯಾಮ್ ಹಾಕಿ ಕಾಯುತ್ತಾ ಕುಳಿತೆ, ಬಯಾಸ್ ಬಂತು, ಈಗ ಎರಡೂ ರ‍್ಯಾಮ್‌ಗಳೊಂದಿಗೆ ವಿಂಡೋಸ್ ನಡೆಯುತ್ತಿದೆ. ಆದರೆ ಎಕ್ಸ್‌ಪೋ (ರ‍್ಯಾಮ್‌ನ ವೇಗ ಹೆಚ್ಚಿಸುವ ಬಯಾಸ್ ಸೆಟ್ಟಿಂಗ್) ಆನ್ ಮಾಡಿ ವೇಗವನ್ನು 6000ಕ್ಕೆ ಇಟ್ಟ ಮೇಲೆ ದಿನವೂ ಡಿಸ್‌ಪ್ಲೇ ಬರುವುದು ತಡವಾಗುತ್ತಿದೆ. ಇಂಥದೇ ಇನ್ನೆರಡು ರ‍್ಯಾಮ್ ಹಾಕಿ 64 ಜಿಬಿ ಮಾಡಿಕೊಳ್ಳಬಹುದೇ?

ಉತ್ತರ: ಮೊದಲು ಬಯಾಸ್ ಅಪ್‌ಡೇಟ್ ಮಾಡಿ, ಆರಂಭದ ಬಯಾಸ್‌ಗಳಲ್ಲಿ ಈ ತಡ ಹೆಚ್ಚಾಗಿತ್ತು. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಬೋರ್ಡಿಗೇ ಸಂಚಕಾರ, ಹಾಗಾಗಿ ಯುಪಿಎಸ್ ಇಲ್ಲದಿದ್ದರೆ ಗುಡುಗು ಮಳೆಯ ಸಂಜೆಯಲ್ಲಿ ಆ ಕೆಲಸಕ್ಕೆ ಕೈಹಾಕಬೇಡಿ. ಅನಂತರ ಬಯಾಸ್‌ನಲ್ಲಿ ‘ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್’ ಆನ್ ಮಾಡಿದರೆ ಹಿಂದಿನ ಟ್ರೇನಿಂಗ್‌ನ ಲೆಕ್ಕವನ್ನೇ ಮತ್ತೆ ಬಳಸಿಕೊಳ್ಳುವುದರಿಂದ ಡಿಸ್‌ಪ್ಲೇ ಬೇಗ ಬರುತ್ತದೆ. ಅದರಿಂದ ಹ್ಯಾಂಗ್ ಅಥವಾ ನೀಲಿ ಪರದೆ ಕಾಣಿಸಿಕೊಂಡರೆ ಆಫ್ ಮಾಡಿ. ಕೆಲಸದ ನಡುವೆ ಕೈಕೊಡುವುದಕ್ಕಿಂತ ತಡವೇ ವಾಸಿ.

ನಾಲ್ಕು ರ‍್ಯಾಮ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ 7600 ಸೇರುವ 7000 ಸರಣಿಗೆ ಎಎಂಡಿ ಹೇಳಿರುವ ವೇಗ ಎರಡು ರ‍್ಯಾಮ್ ಇದ್ದರೆ 5200, ನಾಲ್ಕಿದ್ದರೆ 3600 ಮಾತ್ರ. ನಿಮ್ಮ 6000 ಈಗಾಗಲೇ ಅದನ್ನು ಮೀರಿದೆ. 64 ಜಿಬಿ ಬೇಕೇ ಬೇಕು ಎಂದಾದರೆ ಇವನ್ನು ಮಾರಿ 32ರ ಜೋಡಿಯನ್ನು ಕೊಳ್ಳಿ.

ಪ್ರಶ್ನೆ (ಇನ್ನೊಬ್ಬರು): ನನ್ನದು ಇಂಟೆಲ್ ಐ5 12400ಎಫ್, ಜೊತೆಗೆ ಗ್ರಾಫಿಕ್ಸ್ ಕಾರ್ಡ್ ಇದೆ. ಧೂಳು ತೆಗೆದು ಮತ್ತೆ ಜೋಡಿಸಿದ ಮೇಲೆ ಡಿಸ್‌ಪ್ಲೇ ಇಲ್ಲ, ಬೋರ್ಡಿನಲ್ಲಿ ಯಾವ ದೀಪವೂ ಉರಿಯುತ್ತಿಲ್ಲ, ಆದರೆ ಸ್ಪೀಕರ್‌ನಲ್ಲಿ ವಿಂಡೋಸ್ ಶಬ್ದ ಕೇಳಿಸುತ್ತದೆ.

ಉತ್ತರ: ಶಬ್ದ ಬಂದಿದೆ ಎಂದರೆ ಕಂಪ್ಯೂಟರ್ ಪೂರ್ತಿಯಾಗಿ ಆನ್ ಆಗಿದೆ, ಚಿತ್ರ ಮಾತ್ರ ಮಾನಿಟರ್‌ಗೆ ತಲುಪುತ್ತಿಲ್ಲ. ಕೇಬಲನ್ನು ಬೋರ್ಡಿನ ಎಚ್‌ಡಿಎಂಐಗೆ ಚುಚ್ಚಿರುತ್ತೀರಿ. ಎಫ್ ಅಕ್ಷರದ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಗ್ರಾಫಿಕ್ಸ್ ಇರುವುದಿಲ್ಲವಾದ್ದರಿಂದ ಆ ಪೋರ್ಟ್ ನಿಮ್ಮಲ್ಲಿ ಕೆಲಸ ಮಾಡುವುದಿಲ್ಲ. ಅದಕ್ಕಿಂತ ಕೆಳಗೆ ಅಡ್ಡಸಾಲಿನಲ್ಲಿರುವ ಕಾರ್ಡಿನ ಪೋರ್ಟ್‌ಗೆ ಹಾಕಿ, ಮಾನಿಟರ್‌ನ ಇನ್‌ಪುಟ್ ಕೂಡ ಅದೇ ಆಗಿದೆಯೇ ಎಂದು ನೋಡಿ. ಬಾರದಿದ್ದರೆ ಕ್ಯಾಬಿನೆಟ್‌ನ ಹಿಂಭಾಗದ ಫೋಟೋ ಒಂದನ್ನು ಇಲ್ಲಿ ಹಾಕಿ.