ನಾಯ್ಸ್ ಪರೀಕ್ಷೆ, ಉಪಕರಣ ಸುರಕ್ಷತೆ: ಭಾನುವಾರದ ಪ್ರಶ್ನೋತ್ತರ

ಎಂಜಿನಿಯರ್ (ಉದ್ಯಮಬಾಗ್, ಬೆಳಗಾವಿ): ಸಂಜೆ ಎಂಟರವರೆಗೆ ಇರುತ್ತೇನೆ. ಯಂತ್ರ ಯಾವುದು, ಎಷ್ಟು ಕಿಲೋವ್ಯಾಟ್, ಯಾವ ಪರೀಕ್ಷೆಯಲ್ಲಿ ಫೇಲಾಯಿತು ಎಂಬುದನ್ನು ಬರೆದು ಕೇಳಿ.

ರಬಕವಿ, ಮಗ್ಗದ ಘಟಕ: ನಮಸ್ಕಾರ ಮೇಡಂ. ನಮ್ಮ ಪವರ್‌ಲೂಮ್ ಶೆಡ್ಡಿನ ನಾಯ್ಸ್ ಅನ್ನು ಮೊಬೈಲ್ ಆ್ಯಪ್‌ನಲ್ಲಿ ಅಳೆದೆವು, 96 ಡೆಸಿಬಲ್ ಬಂದಿತು. ಮಿತಿ ಎಷ್ಟು?

ಎಂಜಿನಿಯರ್: ನಮಸ್ಕಾರ. ನೀವು ಅಳೆದದ್ದು ಕಿವಿಗೆ ಕೇಳುವ ಸದ್ದು. ಇಲ್ಲಿ ಮಾತು ಯಂತ್ರವು ಕರೆಂಟಿನ ತಂತಿಗೆ ಮರಳಿ ತಳ್ಳುವ ಗದ್ದಲದ್ದು, 150 ಕಿಲೋಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್‌ವರೆಗಿನದು. ಆ ಡೆಸಿಬಲ್ ಮೈಕ್ರೋವೋಲ್ಟಿನ ಲೆಕ್ಕದ್ದು. 60 ಎಂದರೆ ಒಂದು ಮಿಲಿವೋಲ್ಟ್. ಎರಡಕ್ಕೂ ಸಂಬಂಧವಿಲ್ಲ.

ವಿಜಯಪುರ, ದ್ರಾಕ್ಷಿ ತೋಟ: ಪಂಪಿನ ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಡ್ರೈವ್) ಚಾಲೂ ಆದ ಕೂಡಲೇ ಡ್ರಿಪ್ ಕಂಟ್ರೋಲರ್ ರೀಸೆಟ್ ಆಗುತ್ತದೆ.

ಎಂಜಿನಿಯರ್: ಮೋಟಾರಿನ ಕೇಬಲ್ ಮತ್ತು ಸೆನ್ಸರ್ ತಂತಿ ಒಂದೇ ಪೈಪಿನಲ್ಲಿ ಹೋಗಿದ್ದರೆ ಮೊದಲು ಬೇರೆ ಮಾಡಿ. ಮೋಟಾರಿಗೆ ಶೀಲ್ಡ್ ಕೇಬಲ್ ಹಾಕಿ, ಶೀಲ್ಡನ್ನು ಎರಡೂ ತುದಿಯಲ್ಲಿ ಸುತ್ತಲೂ ಹಿಡಿಯುವ ಕ್ಲ್ಯಾಂಪಿನಿಂದ ಬಿಗಿಯಿರಿ. ಹಳೆಯ ಮೀಡಿಯಂ ವೇವ್ ರೇಡಿಯೊ ಇದ್ದರೆ ಧಾರವಾಡದ 765 ಕಿಲೋಹರ್ಟ್ಸ್‌ನಿಂದ ತುಸು ಸರಿಸಿ ಹಿಡಿದು ಕೇಬಲ್ ಗುಂಟ ನಡೆಯಿರಿ. ಗರಗರ ಹೆಚ್ಚಿದ ಕಡೆ ಗದ್ದಲ ಸೋರುತ್ತಿದೆ.

ಚಿಕ್ಕೋಡಿ: ಮೇಡಂ, ಯುರೋಪಿನಲ್ಲಿ ಮಾರಲು ಬೇಕಾದ ಸಿಇ ಗುರುತಿಗೆ ಒಟ್ಟು ಖರ್ಚು ಎಷ್ಟು?

ಮುಧೋಳ, ರೊಟ್ಟಿ ಯಂತ್ರ ತಯಾರಕ: ಮೇಡಂ, ನಮ್ಮದು ಜೋಳದ ರೊಟ್ಟಿ ಯಂತ್ರ. ಸಿಂಗಲ್ ಫೇಸ್, 2 ಕಿಲೋವ್ಯಾಟ್ ಹೀಟರ್, ಅರ್ಧ ಎಚ್‌ಪಿ ಮೋಟಾರಿಗೆ ವಿಎಫ್‌ಡಿ. ಪರೀಕ್ಷೆಯಲ್ಲಿ 500 ಕಿಲೋಹರ್ಟ್ಸ್‌ಗಿಂತ ಕೆಳಗೆ ಮಿತಿ ಮೀರಿತ್ತು. ಒಂದು ಫಾರ್ವರ್ಡ್ ನೋಡಿ ಫೇಸಿನಿಂದ ಯಂತ್ರದ ಲೋಹದ ಬಾಡಿಗೆ, ನ್ಯೂಟ್ರಲ್‌ನಿಂದ ಬಾಡಿಗೆ ತಲಾ 0.1 ಮೈಕ್ರೋಫ್ಯಾರಡ್‌ನ ಸಾದಾ ಕೆಪಾಸಿಟರ್ ಹಾಕಿದೆವು. ಮರುಪರೀಕ್ಷೆಯಲ್ಲಿ ಪಾಸಾಯಿತು. ಈಗ ಬೀಳಗಿ ಕಡೆಯ ಮಹಿಳಾ ಸಂಘದವರು ಹಿಟ್ಟಿನ ಕೈಯಲ್ಲಿ ಮುಟ್ಟಿದರೆ ಜುಮ್ ಎನ್ನುತ್ತದೆ ಎಂದು ಫೋನ್ ಮಾಡಿದ್ದಾರೆ. ಟೆಸ್ಟರ್ ಮಂಕಾಗಿ ಉರಿಯುತ್ತದೆ, ಇಂಡಕ್ಷನ್ ಅಷ್ಟೇ ಎಂದು ನಮ್ಮ ಎಲೆಕ್ಟ್ರಿಷಿಯನ್ ಹೇಳಿದರು. ಚಿಂತೆಯಿಲ್ಲವಲ್ಲ?

ಎಂಜಿನಿಯರ್: ಚಿಂತೆ ಇದೆ. ಇದನ್ನು ಓದುವ ಮೊದಲು ಅವರಿಗೆ ಫೋನ್ ಮಾಡಿ, ಪ್ಲಗ್ ಕೀಳಿಸಿ. ಆಮೇಲೆ ಬನ್ನಿ.

ನೋಡಿ, 230 ವೋಲ್ಟ್, 50 ಹರ್ಟ್ಸ್‌ನಲ್ಲಿ 0.1 ಮೈಕ್ರೋಫ್ಯಾರಡ್ ಮೂಲಕ ಹರಿಯುವುದು ಸುಮಾರು 7.2 ಮಿಲಿಆಂಪಿಯರ್. ಅರ್ಥಿಂಗ್ ಇದ್ದರೆ ಅದು ಸದ್ದಿಲ್ಲದೆ ನೆಲ ಸೇರುತ್ತದೆ. ಪ್ರಯೋಗಾಲಯದ ಅರ್ಥಿಂಗ್ ಅಚ್ಚುಕಟ್ಟಾಗಿತ್ತು, ಆದ್ದರಿಂದ ಅಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಸಂಘದಲ್ಲಿ ಜುಮ್ ಎನ್ನುತ್ತಿದೆ ಎಂದರೆ ಅಲ್ಲಿ ಅರ್ಥಿಂಗ್ ಇಲ್ಲ, ಅಥವಾ ಕೆಟ್ಟಿದೆ. ಆಗ ಬಾಡಿ ಸುಮಾರು 115 ವೋಲ್ಟಿನಲ್ಲಿ ತೂಗಾಡುತ್ತದೆ. ಮುಟ್ಟಿದವರ ಮೈಯಲ್ಲಿ ಹರಿಯಲು ಕಾದಿರುವುದು ಅದೇ 7 ಮಿಲಿಆಂಪಿಯರ್. ಗೃಹೋಪಯೋಗಿ ಉಪಕರಣಗಳ ಮಾನದಂಡ ಐಎಸ್ 302ರಲ್ಲಿ ಎತ್ತಿ ಒಯ್ಯುವ, ಅರ್ಥ್ ಪಿನ್ ಇರುವ ಉಪಕರಣಕ್ಕೆ ಬಿಟ್ಟಿರುವುದು 0.75 ಮಿಲಿಆಂಪಿಯರ್. ನಿಮ್ಮದು ಅದರ ಒಂಬತ್ತು ಪಟ್ಟು ಮೀರಿದೆ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಸೋರಿಕೆ ಕಂಡರೆ ಕರೆಂಟ್ ಕಡಿಯುವ ಸ್ವಿಚ್) ಇದಕ್ಕೆ ಬೀಳುವುದೂ ಇಲ್ಲ.

ನನಗೆ ಇದಕ್ಕಿಂತ ಹೆಚ್ಚು ಭಯವಿರುವುದು ಆ ಸಾದಾ ಕೆಪಾಸಿಟರ್ ಬಗ್ಗೆ. ಫೇಸ್ ಮತ್ತು ಬಾಡಿಯ ನಡುವೆ ವೈ ದರ್ಜೆಯದನ್ನೇ (ಕೆಟ್ಟರೂ ಶಾರ್ಟ್ ಆಗದಂತೆ ವಿನ್ಯಾಸ ಮಾಡಿದ್ದು) ಹಾಕಬೇಕು. ಸಾದಾ ಕೆಪಾಸಿಟರ್ ಒಂದು ದಿನ ಶಾರ್ಟ್ ಆದರೆ ಪೂರ್ತಿ 230 ವೋಲ್ಟ್ ಬಾಡಿಗೆ ಬರುತ್ತದೆ. ಅರ್ಥಿಂಗ್ ಇಲ್ಲದ ಕಡೆ ಎಂಸಿಬಿ ಬೀಳುವುದಿಲ್ಲ. ಒದ್ದೆ ಕೈ, ಬರಿಗಾಲು, ನೀರು ಚೆಲ್ಲಿದ ನೆಲ. ಟೆಸ್ಟರ್ ಮಂಕಾಗಿ ಉರಿಯಿತು ಎನ್ನುವುದು ಅಳತೆಯಲ್ಲ. ತಿಳಿದವರಿಂದ ಬಾಡಿ ಮತ್ತು ಒಳ್ಳೆಯ ಅರ್ಥ್ ನಡುವೆ 2 ಕಿಲೋಓಮ್ ರೆಸಿಸ್ಟರ್ ಇಟ್ಟು ವೋಲ್ಟ್ ಅಳೆಸಿ. 1.5 ಮೀರಬಾರದು, ನಿಮ್ಮ ಯಂತ್ರದಲ್ಲಿ 14ರ ಆಸುಪಾಸು ಬರುತ್ತದೆ.

ಸರಿಪಡಿಸುವ ದಾರಿ: ಆ ಎರಡೂ ಕೆಪಾಸಿಟರ್ ಕಿತ್ತುಹಾಕಿ. ತಲಾ 2.2 ನ್ಯಾನೋಫ್ಯಾರಡ್‌ನ ವೈ2 ಹಾಕಿದರೆ ಅವುಗಳ ಪಾಲು 0.16 ಮಿಲಿಆಂಪಿಯರ್‌ಗೆ ಇಳಿಯುತ್ತದೆ. ಗದ್ದಲ ಸೋಸುವುದು ಕಡಿಮೆಯಾದದ್ದನ್ನು ಕಾಮನ್ ಮೋಡ್ ಚೋಕ್‌ನಿಂದ (ಎರಡೂ ತಂತಿ ಒಂದೇ ಕೋರಿಗೆ ಸುತ್ತಿದ ಸುರುಳಿ) ತುಂಬಿಸಿ. ಫೇಸ್‌–ನ್ಯೂಟ್ರಲ್ ನಡುವೆ ಎಕ್ಸ್2 ದರ್ಜೆಯ ಕೆಪಾಸಿಟರ್, ಜೊತೆಗೆ ಡಿಸ್ಚಾರ್ಜ್ ರೆಸಿಸ್ಟರ್. ಪ್ಲಗ್ ಕಿತ್ತ ಒಂದು ಸೆಕೆಂಡಿನಲ್ಲಿ ಪಿನ್ನುಗಳ ನಡುವೆ 34 ವೋಲ್ಟಿಗಿಂತ ಹೆಚ್ಚು ಉಳಿಯಬಾರದು. ವಿಎಫ್‌ಡಿಯನ್ನು ಬಣ್ಣ ಕೆರೆದ ಲೋಹಕ್ಕೆ ಕೂರಿಸಿ, ಮೋಟಾರಿನ ಕೇಬಲ್ ಮೊಟಕು ಮಾಡಿ. ಡ್ರೈವಿನೊಳಗಿನ ಫಿಲ್ಟರ್, ತೇವ ಕುಡಿದ ಹೀಟರ್ ಇವೆರಡೂ ಸೋರುತ್ತವೆ. ಆದ್ದರಿಂದ ಇಡೀ ಯಂತ್ರವನ್ನು ಬಿಸಿಯಾದ ಮೇಲೆ ಮತ್ತೆ ಅಳೆಯಲೇಬೇಕು.

ಗೋಕಾಕ: ಅಷ್ಟೆಲ್ಲ ಯಾಕೆ? ಫಾರ್ವರ್ಡ್ ಬಂದಿದೆ: ಸಾಕೆಟ್ಟಿನಲ್ಲಿ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ತಂತಿ ಹಾಕಿದರೆ ಜುಮ್ ಎನ್ನುವುದು ನಿಲ್ಲುತ್ತದೆ. ಐದು ನಿಮಿಷದ ಕೆಲಸ.

ಎಂಜಿನಿಯರ್: ದಯವಿಟ್ಟು ಅದನ್ನು ಈಗಲೇ ಅಳಿಸಿ. ಕಂಬದಿಂದ ಬರುವ ನ್ಯೂಟ್ರಲ್ ಎಲ್ಲಾದರೂ ಕಡಿದರೆ ಹೀಟರ್ ಮೂಲಕ ಫೇಸ್ ನೇರವಾಗಿ ಬಾಡಿಗೆ ಬರುತ್ತದೆ.

ವಿಜಯಪುರ, ಸ್ಟಾರ್ಟರ್ ತಯಾರಕ: ಎಲ್ಲ ತಪ್ಪನ್ನೂ ತಯಾರಕನ ಮೇಲೆ ಹೊರಿಸಬೇಡಿ. ಅರ್ಥಿಂಗ್ ಕಡ್ಡಾಯ ಎಂದು ಸ್ಟಿಕ್ಕರ್ ಅಂಟಿಸಿದ ಮೇಲೆ ಮನೆಯ ವೈರಿಂಗ್ ಗಿರಾಕಿಯ ಹೊಣೆ.

ಇಳಕಲ್, ಎಲೆಕ್ಟ್ರಿಷಿಯನ್: ಊರೂರು ಅಲೆಯುವವನು ನಾನು. ಮೂರನೇ ರಂಧ್ರದ ಹಿಂದೆ ತಂತಿಯೇ ಇಲ್ಲದ ಮನೆಗಳು ಎಷ್ಟಿವೆ ಎಂಬುದು ನಿಮಗೂ ಗೊತ್ತು. ಗೊತ್ತಿದ್ದೂ ಮಾರುತ್ತೀರಿ.

ವಿಜಯಪುರ, ಸ್ಟಾರ್ಟರ್ ತಯಾರಕ: ಆ ವೈರಿಂಗ್ ಮಾಡಿದವರು ನಿಮ್ಮಂಥವರೇ ಅಲ್ಲವೇ?

ಇಳಕಲ್, ಎಲೆಕ್ಟ್ರಿಷಿಯನ್: ಮಾತು ನೆಟ್ಟಗಿರಲಿ. ಅರ್ಥಿಂಗ್ ಗುಂಡಿ ತೋಡಿಸಿ ಎಂದರೆ ದುಡ್ಡು ಕೊಡುವವರು ಯಾರು?

ಎಂಜಿನಿಯರ್: ಇಬ್ಬರೂ ನಿಲ್ಲಿಸಿ. ಅಪಾಯದ ಮೌಲ್ಯಮಾಪನಕ್ಕೆ ಐಎಸ್‌ಒ 12100ರಲ್ಲಿ ಕ್ರಮ ಹಾಕಿಕೊಟ್ಟಿದ್ದಾರೆ: ಮೊದಲು ವಿನ್ಯಾಸದಲ್ಲೇ ಅಪಾಯ ತೆಗೆಯಬೇಕು, ಆಗದಿದ್ದರೆ ರಕ್ಷಣೆ ಕೊಡಬೇಕು, ಇವೆರಡೂ ಮುಗಿದ ಮೇಲೆ ಉಳಿದದ್ದಕ್ಕೆ ಎಚ್ಚರಿಕೆಯ ಬರಹ. ಸ್ಟಿಕ್ಕರ್ ಮೂರನೆಯದು. ನಮ್ಮ ಹಳ್ಳಿಯಲ್ಲಿ ಅರ್ಥಿಂಗ್ ಇಲ್ಲದಿರುವುದು ಮೊದಲೇ ಊಹಿಸಬಹುದಾದ ಸಂಗತಿ. ಊಹಿಸಬಹುದಾದದ್ದು ತಯಾರಕರ ಅಪಾಯ ಮೌಲ್ಯಮಾಪನದ ಹಾಳೆಯಲ್ಲಿ ಇರಲೇಬೇಕು.

ಜಮಖಂಡಿ: ಪ್ರಯೋಗಾಲಯ ದುಬಾರಿ. ತಂತಿಯ ಗದ್ದಲ ಅಳೆಯಲು ಯಂತ್ರಕ್ಕೂ ಕರೆಂಟಿಗೂ ನಡುವೆ ಇಡುವ ಲಿಸ್ನ್ ಪೆಟ್ಟಿಗೆ ನಾವೇ ಕಟ್ಟಬಹುದೇ? ವಿಡಿಯೊ ಇದೆ.

ಎಂಜಿನಿಯರ್: ಅದರೊಳಗೆ ಫೇಸಿನಿಂದ ಬಾಡಿಗೆ 8 ಮೈಕ್ರೋಫ್ಯಾರಡ್ ಇದ್ದರೆ ಸೋರಿಕೆ 0.58 ಆಂಪಿಯರ್. ಅರ್ಥ್ ಬೋಲ್ಟ್ ಸಡಿಲವಾದರೆ ಪೆಟ್ಟಿಗೆ ಮುಟ್ಟಿದವರು ಉಳಿಯುವುದಿಲ್ಲ. ವಿಡಿಯೊ ನೋಡಿ ಕಟ್ಟಬೇಡಿ.

ಬಾದಾಮಿ: ಮೇಡಂ, ಫ್ಲೋರ್ ಮಿಲ್ಲಿನ ನಾಯ್ಸ್ ಮೊಬೈಲಿನಲ್ಲಿ ಅಳೆಯಬಹುದೇ?

ಎಂಜಿನಿಯರ್: ಮೇಲೆ ಓದಿ.

ಚಿಕ್ಕೋಡಿ: ಸಿಇ ಖರ್ಚು ಕೇಳಿ ಎರಡು ಗಂಟೆಯಾಯಿತು.

ಗೋಕಾಕ: ನಾನು ಹಂಚಿದ್ದು ಒಳ್ಳೆಯ ಮನಸ್ಸಿನಿಂದ. ಎಲ್ಲರೆದುರು ಹೀಗೆ ಹೇಳುವುದು ಸರಿಯಲ್ಲ.

ಎಂಜಿನಿಯರ್: ಸಂದೇಶ ಇನ್ನೂ ಅಲ್ಲೇ ಇದೆ. ಅಳಿಸಿ. ಮುಧೋಳದವರೇ, ಎಷ್ಟು ಯಂತ್ರ ಹೋಗಿವೆ?

ಮುಧೋಳ, ರೊಟ್ಟಿ ಯಂತ್ರ ತಯಾರಕ: ಹನ್ನೊಂದು. ಬೀಳಗಿಯವರು ಪ್ಲಗ್ ಕಿತ್ತಿದ್ದಾರೆ. ಒಟ್ಟು ಒಂಬತ್ತು ಕಡೆ ಮಾತಾಡಿದೆ. ಇಂಡಿ ಮತ್ತು ಸಿಂದಗಿಯಲ್ಲಿ ಫೋನ್ ಎತ್ತುತ್ತಿಲ್ಲ.

ಎಂಜಿನಿಯರ್: ಅವರು ರೊಟ್ಟಿ ಶುರು ಮಾಡುವುದು ಎಷ್ಟು ಹೊತ್ತಿಗೆ?

ಮುಧೋಳ, ರೊಟ್ಟಿ ಯಂತ್ರ ತಯಾರಕ: ಬೆಳಗಿನ ಐದಕ್ಕೆ. ತಮ್ಮನನ್ನು ಸಿಂದಗಿಗೆ ಕಳುಹಿಸುತ್ತೇನೆ, ಇಂಡಿಗೆ ನಾನೇ ಈಗಲೇ ಹೊರಡುತ್ತೇನೆ.

ಎಂಜಿನಿಯರ್: ತಲುಪಿದ ಕೂಡಲೇ ಬರೆಯಿರಿ. ಎಂಟಾದರೂ ಎದ್ದಿರುತ್ತೇನೆ.