ಮಗಳನ್ನು ಅಣ್ಣನ ಮನೆಗೆ ಕಳಿಸಲೇ, ಅಪ್ಪನ ಹತ್ತಿರವೇ ಇಟ್ಟುಕೊಳ್ಳಲೇ? ಮನೆಯಲ್ಲಿ ಡಯಾಲಿಸಿಸ್ ಇರುವವರು ದಯವಿಟ್ಟು ಹೇಳಿ

ಹೊಸನಗರದ ಸೊಸೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕು, ಅಡಿಕೆ ತೋಟದ ಮನೆ. ನಮ್ಮ ಯಜಮಾನರಿಗೆ ಎರಡೂ ಕಿಡ್ನಿ ಕೆಲಸ ಮಾಡ್ತಾ ಇಲ್ಲ. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಮಷಿನ್ ಮೇಲೆ ನಾಲ್ಕು ಗಂಟೆ, ಹೋಗಿ ಬರೋದು ಸೇರಿದರೆ ದಿನ ಪೂರ್ತಿ ಅದಕ್ಕೇ. ನನಗೆ ಸಕ್ಕರೆ ಕಾಯಿಲೆ ಇರೋದರಿಂದ ಕಿಡ್ನಿ ಕೊಡೋಕೆ ಆಗಲ್ಲ ಅಂದರು. ಅತ್ತೆಗೆ ವಯಸ್ಸಾಗಿದೆ. ತೀರಿಹೋದವರು ದಾನ ಮಾಡಿದ ಕಿಡ್ನಿ ಸಿಗಲಿ ಅಂತ ಜೀವಸಾರ್ಥಕತೆಯಲ್ಲಿ, ಅಂದರೆ ರಾಜ್ಯದ ಅಂಗದಾನ ಸಂಸ್ಥೆಯಲ್ಲಿ, ಹೆಸರು ಬರೆಸಿದ್ದೇವೆ. ಅದೆಲ್ಲ ಅದರ ಪಾಡಿಗೆ ನಡೀತಿದೆ, ನನ್ನ ಪ್ರಶ್ನೆ ಮಗಳದ್ದು.

ಅವಳು ಮೂರನೇ ಕ್ಲಾಸು. ನನ್ನ ಅಣ್ಣ ಶಿವಮೊಗ್ಗದಲ್ಲಿದ್ದಾನೆ. "ಮಗು ದಿನಾ ಸೂಜಿ, ಬ್ಯಾಂಡೇಜು, ಆಸ್ಪತ್ರೆ ಮಾತು ಕೇಳಿಕೊಂಡು ಬೆಳೆಯೋದು ಬೇಡ, ನಮ್ಮಲ್ಲಿಗೆ ಕಳಿಸು, ಶಾಲೆಯೂ ಚೆನ್ನಾಗಿದೆ" ಅಂತ ಅಣ್ಣ ಅತ್ತಿಗೆ ಇಬ್ಬರೂ ಕೇಳ್ತಿದ್ದಾರೆ. ಪ್ರೀತಿಯಿಂದಲೇ ಕೇಳ್ತಿದ್ದಾರೆ. ಹಾಗಾಗಿ ಸುಮ್ಮನೆ ಇಲ್ಲ ಅನ್ನೋಕೆ ಬಾಯಿ ಬರ್ತಿಲ್ಲ.

ನಮ್ಮ ಮನೆ ಹೇಗೆ ನಡೆಯುತ್ತೆ ಅಂತ ಸ್ವಲ್ಪ ಹೇಳ್ತೀನಿ, ಆಮೇಲೆ ನೀವೇ ಹೇಳಿ.

ಇವರ ಎಡಗೈಯಲ್ಲಿ ಫಿಸ್ಟುಲಾ ಮಾಡಿದ್ದಾರೆ. ರಕ್ತನಾಳ ಎರಡನ್ನು ಜೋಡಿಸಿದ್ದು, ಡಯಾಲಿಸಿಸ್ ಸೂಜಿ ಹಾಕೋದು ಅಲ್ಲೇ. ಒಳಗೆ ರಕ್ತ ರಭಸದಿಂದ ಹರಿಯೋದರಿಂದ ಮುಟ್ಟಿದರೆ ಜುಮ್ ಅನ್ನುತ್ತೆ, ಕಿವಿ ಇಟ್ಟರೆ ಗುಂಯ್ ಅಂತ ಕೇಳುತ್ತೆ. ಮಗಳು ಬೆಳಗ್ಗೆ ಎದ್ದ ಕೂಡಲೇ ಹಲ್ಲೂ ಉಜ್ಜದೆ ಓಡಿ ಹೋಗಿ ಅಪ್ಪನ ಕೈಗೆ ಕಿವಿ ಇಡ್ತಾಳೆ. "ದುಂಬಿ ಎದ್ದಿದೆ ಅಮ್ಮಾ" ಅಂತ ಕೂಗಿ ಹೇಳ್ತಾಳೆ. ನಾನು ಒಲೆ ಮುಂದೆ ಇರ್ತೀನಿ, ಅವಳು ಕೂಗೋವರೆಗೆ ನನಗೆ ದೋಸೆ ಹಿಟ್ಟು ಹುಯ್ಯೋಕೂ ಮನಸ್ಸು ಬರಲ್ಲ.

ಇವರಿಗೆ ದಿನಕ್ಕೆ ಒಂದು ಲೀಟರ್ ನೀರು ಅಂತ ಡಾಕ್ಟರ್ ಹೇಳಿದ್ದಾರೆ. ಕಾಫಿ, ಸಾರು, ಮಜ್ಜಿಗೆ, ತಂಬುಳಿ ಎಲ್ಲ ಆ ಒಂದು ಲೀಟರ್ ಒಳಗೇ. ಮಗಳು ಗೋಡೆ ಕ್ಯಾಲೆಂಡರಿನ ಆಯಾ ತಾರೀಖಿನ ಮನೆಯಲ್ಲಿ ಪೆನ್ಸಿಲಲ್ಲಿ ಗೀಟು ಹಾಕ್ತಾಳೆ, ಒಂದು ಗೀಟಿಗೆ ನೂರು ಎಂಎಲ್. ಅಪ್ಪ ಮಗಳು ಅದರ ಮೇಲೆ ಚೌಕಾಸಿ ಮಾಡ್ತಾರೆ. "ಸಾರು ಕಲಸಿಕೊಂಡಿದ್ದು ಅರ್ಧ ಗೀಟು" ಅಂತ ಇವರು, "ಇಲ್ಲ ಮುಕ್ಕಾಲು" ಅಂತ ಅವಳು.

ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಮೂರೂ ಬಿಡಬೇಕು ಅಂದಾಗ ಅತ್ತೆ ಅಪ್ಪೆಮಿಡಿ ಭರಣಿಯನ್ನ ಅಟ್ಟಕ್ಕೆ ಏರಿಸಿಬಿಟ್ಟರು. ಇವರೇ ಕೆಳಗಿಳಿಸಿದರು. "ನನ್ನ ಕಾಯಿಲೆಗೆ ಮಗು ಯಾಕೆ ಉಪ್ಪಿನಕಾಯಿ ಬಿಡಬೇಕು, ನನ್ನ ಎದುರಿಗೇ ಬಡಿಸು, ಪರಿಮಳ ನನಗೂ ಬರ್ಲಿ" ಅಂದರು. ಈಗ ಅವಳು ಮಿಡಿ ಕಚ್ಚೋ ಸದ್ದಿಗೆ ಇವರು ಊಟ ಮಾಡ್ತಾರೆ. ಅತ್ತೆ ತರಕಾರಿ ಹೆಚ್ಚಿ ಬಿಸಿನೀರಲ್ಲಿ ನೆನೆಹಾಕಿ, ಬೇಯಿಸಿ, ಆ ನೀರು ಬಸಿದು ಪಲ್ಯ ಮಾಡ್ತಾರೆ. ತರಕಾರಿಯಲ್ಲಿರೋ ಪೊಟ್ಯಾಸಿಯಂ ಇವರ ರಕ್ತದಲ್ಲಿ ಏರಿದರೆ ಹೃದಯಕ್ಕೆ ಅಪಾಯ, ಅದು ಹೋಗ್ಲಿ ಅಂತ. ಜೀವಮಾನ ಪೂರ್ತಿ ಬಸಿದ ಕಟ್ಟಿನಲ್ಲಿ ಸಾರು ಮಾಡಿದ ಕೈ ಅದು.

ತೋಟಕ್ಕೆ ಇಳಿಯೋಕೆ ಇವರಿಗೆ ಶಕ್ತಿ ಇಲ್ಲ. ಜಗಲಿಯಲ್ಲಿ ಕೂತು ಅಡಿಕೆ ಆರಿಸಿಕೊಡ್ತಾರೆ. ರಾಶಿ, ಬೆಟ್ಟೆ, ಗೊರಬಲು ಅಂತ ಕಣ್ಣಲ್ಲೇ ಬೇರೆ ಮಾಡ್ತಾರೆ, ಆ ಕಣ್ಣು ನಮಗ್ಯಾರಿಗೂ ಇಲ್ಲ. ಮಳೆಗಾಲದಲ್ಲಿ ಅಡಿಕೆ ಕೊಳೆ ರೋಗಕ್ಕೆ ಔಷಧಿ ಹೊಡೆಸುವಾಗ ಜಗಲಿಯಿಂದಲೇ ಲೆಕ್ಕ ಹೇಳ್ತಾರೆ. "ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ" ಅಂತ ಮಗಳಿಗೆ ಮಗ್ಗಿ ಥರ ಬಾಯಿಪಾಠ ಆಗಿದೆ.

ಬಂದವರೆಲ್ಲ ಧೈರ್ಯ ತಗೋ ಅಂತಾರೆ. ನನಗೆ ಧೈರ್ಯ ಬರೋದು ಈ ಗೀಟು, ಈ ಚೌಕಾಸಿ, ಈ ಜಗಲಿಯಿಂದ. ಇವರು ನಮ್ಮನೇಲಿ ಇನ್ನೂ ಅಪ್ಪನೇ, ಯಜಮಾನನೇ. ಮಗಳನ್ನ ಕಳಿಸಿದರೆ ಇದರಲ್ಲಿ ಅರ್ಧ ಹೋಗುತ್ತೆ. ಆದರೆ ನಮ್ಮ ಸಮಾಧಾನಕ್ಕೆ ಮಗುವನ್ನ ಇಟ್ಟುಕೊಳ್ಳೋದು ಸರಿಯಾ? ಇದೊಂದು ನನಗೆ ಬಗೆಹರೀತಿಲ್ಲ.

ಬೆಂಗಳೂರಿಂದ ಒಬ್ಬ ಮಗ:

ಅಕ್ಕಾ, ಕಳಿಸಬೇಡಿ. ನನ್ನ ಅಮ್ಮನಿಗೆ ಡಯಾಲಿಸಿಸ್ ಶುರುವಾದಾಗ ನಾನು ಐದನೇ ಕ್ಲಾಸು. ಇದೇ ಕಾರಣ ಹೇಳಿ ನನ್ನನ್ನ ಹಾಸ್ಟೆಲ್ಲಿಗೆ ಸೇರಿಸಿದರು. ಭಾನುವಾರ ಫೋನ್. "ಅಮ್ಮ ಚೆನ್ನಾಗಿದ್ದಾರೆ" ಅಂತ ಅಪ್ಪ ಹೇಳೋರು, ನಾನು ಅವರ ದನಿಯಲ್ಲಿ ಸುಳ್ಳು ಹುಡುಕ್ತಾ ಇದ್ದೆ. ಕಾಯಿಲೆ ಕಣ್ಣೆದುರು ಇದ್ದಿದ್ದರೆ ಅದು ಇರೋಷ್ಟೇ ದೊಡ್ಡದಾಗಿ ಕಾಣೋದು. ದೂರದಿಂದ ನಾನು ಅದನ್ನ ಏನೇನೋ ಮಾಡಿಕೊಂಡಿದ್ದೆ. ವಾರ್ಡನ್ ನನ್ನ ಹೆಸರು ಕರೆದರೆ ಸಾಕು, ಕಾಲು ನಡುಗೋದು. ಅಮ್ಮ ಹೋದ ಮೇಲೆ ನನಗೆ ಉಳಿದ ನೆನಪೆಲ್ಲ ಕಾಯಿಲೆಗೆ ಮುಂಚಿನದ್ದು, ಕೊನೆ ವರ್ಷಗಳದ್ದು ಏನೂ ಇಲ್ಲ. ನಿಮ್ಮ ಮಗಳಿಗೆ ಪ್ರತಿ ತಾರೀಖಿನದ್ದೂ ಇದೆ. ಆ ಕ್ಯಾಲೆಂಡರ್ ಎಸೀಬೇಡಿ.

ಡಯಾಲಿಸಿಸ್ ಟೆಕ್ನಿಷಿಯನ್, ಹಾಸನ ಜಿಲ್ಲೆ:

ಮೇಡಂ, ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಈ ಮಷಿನ್‌ಗಳ ಜೊತೆಗೇ ಕೆಲಸ ಮಾಡೋನು. ನಿಮ್ಮ ಮಗಳು ಮಾಡ್ತಿರೋದನ್ನ ನಾವು ಎಲ್ಲ ರೋಗಿಗಳಿಗೂ ದಿನಾ ಮಾಡಿ ಅಂತ ಬಾಯಿ ನೋಯೋ ಹಾಗೆ ಹೇಳ್ತೀವಿ, ಎಷ್ಟೋ ಜನ ಮಾಡಲ್ಲ. ಆ ಜುಮ್ ಅನ್ನೋದು ಕಡಿಮೆಯಾದರೆ ಅಥವಾ ನಿಂತರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಮುಂದಿನ ಡಯಾಲಿಸಿಸ್ ದಿನಕ್ಕೆ ಕಾಯಬಾರದು, ಆಗಲೇ ಹೊರಡಬೇಕು. ಬೇಗ ಹೋದರೆ ಫಿಸ್ಟುಲಾ ಉಳಿಸೋ ಅವಕಾಶ ಇರುತ್ತೆ.

ಇಲ್ಲೇ ನನ್ನದೊಂದು ಮಾತು. ನಿಂತಿದೆ ಅಂತ ಮೊದಲು ಗೊತ್ತಾಗೋದು ಆ ಮಗುವಿಗೆ ಆಗಬಾರದು. ನೀವೋ ಯಜಮಾನರೋ ಅವಳು ಏಳೋಕೆ ಮುಂಚೆ ಬೆರಳಿಟ್ಟು ನೋಡಿಕೊಳ್ಳಿ. ಆಮೇಲೆ ಅವಳು ಕಿವಿ ಇಡಲಿ, ಧಾರಾಳವಾಗಿ. ತಲೆ ಭಾರ ಬಿಡಬಾರದು, ಸೂಜಿ ಹಾಕಿದ ದಿನ ಬ್ಯಾಂಡೇಜ್ ತೆಗೆಯೋವರೆಗೆ ಬೇಡ, ಅಷ್ಟೇ. ಆ ಕೈಯಲ್ಲಿ ಬಿಪಿ ನೋಡೋಕೆ, ರಕ್ತ ತೆಗೆಯೋಕೆ ಯಾರು ಬಂದರೂ ಬಿಡಬೇಡಿ. ಬಿಗಿ ವಾಚು ಬೇಡ, ಆ ಕೈ ಅಡಿಗೆ ಹಾಕಿ ಮಲಗೋದು ಬೇಡ, ಅಡಿಕೆ ಮೂಟೆ ಎತ್ತೋದಂತೂ ಬೇಡವೇ ಬೇಡ.

ಇನ್ನೆರಡು, ಯಾಕಂದರೆ ನಿಮ್ಮದು ಮಲೆನಾಡು. ಧಾರೆಹುಳಿ, ಅದೇ ಕಮರಾಕ್ಷಿ ಹಣ್ಣು, ಕಿಡ್ನಿ ಹೋದವರಿಗೆ ವಿಷ. ಒಂದು ಹೋಳೂ ಬೇಡ, ಗೊಜ್ಜು ಉಪ್ಪಿನಕಾಯಿ ಯಾವ ರೂಪದಲ್ಲೂ ಬೇಡ. ಅಂಗಡಿಯಲ್ಲಿ "ಕಡಿಮೆ ಸೋಡಿಯಂ ಉಪ್ಪು" ಅಂತ ಸಿಗುತ್ತೆ, ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಹಾಕಿರ್ತಾರೆ. ಒಳ್ಳೇದು ಅಂತ ತಂದು ಕೊಟ್ಟು ಪೊಟ್ಯಾಸಿಯಂ ಏರಿಸಿಕೊಂಡು ಬಂದವರನ್ನ ನೋಡಿದ್ದೀನಿ. ಎಳನೀರೂ ಹಾಗೇ. ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ, ತರಕಾರಿ ನೀರು ಬಸಿಯೋದನ್ನ ಅಷ್ಟು ಶ್ರದ್ಧೆಯಿಂದ ಮಾಡೋರು ಕಡಿಮೆ.

ಹುಬ್ಬಳ್ಳಿ ತಾಯಿ:

ನಾ ಸ್ವಲ್ಪ ಬ್ಯಾರೆ ಹೇಳ್ತೀನ್ರೀ ಅಕ್ಕಾರ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ನಮ್ಮ ಮನ್ಯಾಗೂ ಯಜಮಾನ್ರಿಗೆ ಡಯಾಲಿಸಿಸ್. ಮಗಾ ಆಗ ಸಣ್ಣಾಂವ, ಅಪ್ಪನ್ನ ಬಿಟ್ಟ ಇರ್ತಿದ್ದಿಲ್ಲ. ಒಂದಿನ ಸಾಲಿ ಟೀಚರ್ ಕರೆಸಿ ಹೇಳಿದ್ರು, ನಿಮ್ಮ ಹುಡುಗನ ನೀರಿನ ಬಾಟ್ಲಿ ತುಂಬಿದ್ದು ತುಂಬಿದ್ಹಂಗ ಇರ್ತೈತಿ ಅಂತ. ಕೇಳಿದ್ರ, "ಅಪ್ಪ ಕುಡಿಯೂದಿಲ್ಲಲ್ಲ, ನಾನೂ ಕುಡಿಯೂದಿಲ್ಲ" ಅಂದ. ಹುಬ್ಬಳ್ಳಿ ಬ್ಯಾಸಗ್ಯಾಗ, ಏಪ್ರಿಲ್ ತಿಂಗಳದಾಗ!

ಆ ಬ್ಯಾಸಗಿ ಸೂಟ್ಯಾಗ ಧಾರವಾಡದಾಗ ನನ್ನ ತಂಗಿ ಮನಿಗೆ ಕಳಿಸಿದ್ವಿ. ಅಲ್ಲೆ ಹುಡುಗರ ಜೋಡಿ ಕೂಡಿ ಆಡ್ಯಾಡಿ, ನಳದ ನೀರಿಗೆ ಬಾಯಿ ಹಚ್ಚಿ ಕುಡದ ಬಂದ. ಸಾಲಿ ಸುರು ಆದಮ್ಯಾಲೆ ನಮ್ಮ ಹಂತ್ಯಾಕನ ಇದ್ದ. ಪೂರಾ ಕಳಸ್ರಿ ಅಂತ ನಾ ಹೇಳಾಕತ್ತಿಲ್ಲ. ಆ ಗೀಟು ಹಾಕೂದು ನಿಮ್ಮ ಮಗಳಿಗೆ ಆಟ ಐತೋ ಭಾರ ಆಗೇತೋ ಅದನ್ನ ನೋಡ್ರಿ. ಆಟ ಇದ್ರ ಒಂದಿನ ಮರೀತಾಳ. ಭಾರ ಇದ್ರ ಮರಿಯೂದಿಲ್ಲ.

ಹೊಸನಗರದ ಸೊಸೆ:

ಮೂವರಿಗೂ ಕೈ ಮುಗಿದೆ. ನಿಮ್ಮ ಬರಹ ಇವರಿಗೂ ಓದಿ ಹೇಳಿದೆ, ಜಗಲಿಯಲ್ಲಿ ಅಡಿಕೆ ಆರಿಸ್ತಾ ಕೇಳಿದರು. ಅತ್ತೆಗೆ ಟೆಕ್ನಿಷಿಯನ್ ಅವರ ನಮಸ್ಕಾರ ತಲುಪಿದೆ. ಹಿತ್ತಲ ಧಾರೆಹುಳಿ ಗಿಡದ ಹಣ್ಣು ಒಳಗೆ ತರೋದು ಬೇಡ ಅಂತ ಕೆಲಸದವರಿಗೂ ಹೇಳಿಸಿದರು.

ಹುಬ್ಬಳ್ಳಿ ಅಕ್ಕ ಹೇಳಿದ್ದು ಮನಸ್ಸಿನಲ್ಲಿ ಇಟ್ಟುಕೊಂಡು ಕ್ಯಾಲೆಂಡರ್ ತಿರುವಿ ನೋಡಿದೆ. ಮರೆತ ತಾರೀಖು ಬೇಕಾದಷ್ಟಿವೆ. ಶಾಲೆ ವಾರ್ಷಿಕೋತ್ಸವದ ವಾರ ಪೂರ್ತಿ ಖಾಲಿ, ಒಂದು ತಾರೀಖಿನ ಮನೆಯಲ್ಲಿ ಗೀಟಿನ ಬದಲು ಬೆಕ್ಕಿನ ಚಿತ್ರ ಇದೆ. ಅದನ್ನ ನೋಡಿ ನನಗೆ ಎಷ್ಟು ಹಗುರಾಯ್ತು ಅಂದರೆ, ಇಷ್ಟು ದಿನ ಯಾವ ರಿಪೋರ್ಟ್ ನೋಡಿದಾಗಲೂ ಆಗಿರಲಿಲ್ಲ.

ಬೆರಳಿಟ್ಟು ನೋಡೋ ಕೆಲಸ ಇವರೇ ವಹಿಸಿಕೊಂಡಿದ್ದಾರೆ, ನಸುಕಿಗೆ ಎಚ್ಚರಾದ ಕೂಡಲೇ ನೋಡಿಕೊಂಡು ನನಗೆ ಹೇಳ್ತಾರೆ. ಆಮೇಲೆ ಮಗಳ ಸರದಿ. ಅವಳಿಗೆ ಇದು ಗೊತ್ತಿಲ್ಲ, ಗೊತ್ತಾಗೋದೂ ಬೇಡ.

ಅಣ್ಣನಿಗೆ ಫೋನ್ ಮಾಡಿ, ಶಾಲೆ ಬದಲಿಸೋದು ಬೇಡ, ಬೇಸಿಗೆ ರಜೆಗೆ ಕಳಿಸ್ತೀನಿ, ಗಾಜನೂರು ಡ್ಯಾಂ, ಸಕ್ರೆಬೈಲು ಆನೆ ಎಲ್ಲ ತೋರಿಸು ಅಂದೆ. ಅತ್ತಿಗೆಗೆ ಸ್ವಲ್ಪ ಬೇಜಾರಾದ ಹಾಗಿತ್ತು. ಅವರಿಗೆ ಹೆಣ್ಣು ಮಕ್ಕಳಿಲ್ಲ, ಆಸೆ ಇಟ್ಟುಕೊಂಡಿದ್ದರು. ದಸರಾ ರಜೆಗೂ ಕಳಿಸ್ತೀನಿ ಅಂತ ಒಪ್ಪಿಕೊಂಡೆ.

ಹುಬ್ಬಳ್ಳಿ ಅಕ್ಕಾ, ನಿಮ್ಮ ಮಗ ಈಗ ಹೇಗಿದ್ದಾನೆ?

ಹುಬ್ಬಳ್ಳಿ ತಾಯಿ:

ಈಗ ಪಿಯುಸಿ ಓದಾಕತ್ತಾನ್ರೀ. ಸೋಮವಾರ ಅಪ್ಪನ್ನ ಗಾಡಿ ಮ್ಯಾಲೆ ಡಯಾಲಿಸಿಸ್‌ಗೆ ಬಿಟ್ಟು ಕಾಲೇಜಿಗೆ ಹೋಗ್ತಾನ, ಉಳದ ದಿನಾ ನಾ ಹೋಗ್ತೀನಿ. ನೀರು ಚಲೋ ಕುಡೀತಾನ. ಬೆಕ್ಕಿನ ಚಿತ್ರ ಓದಿ ನನಗೂ ಖುಷಿ ಆತು ನೋಡ್ರಿ. ನಿಮ್ಮ ಅತ್ತಿ ಬಸಿದ ಪಲ್ಯಾಕ್ಕ ಒಗ್ಗರಣಿ ಏನ ಹಾಕ್ತಾರ, ಉಪ್ಪ ಕಮ್ಮಿ ಇದ್ದರೂ ರುಚಿ ಬರೂಹಂಗ? ನಮ್ಮವರು ಸಪ್ಪನ್ನ ಪಲ್ಯಾ ಅಂತ ಭಾಳ ಬ್ಯಾಸರಾ ಮಾಡ್ಕೋತಾರ, ಕೇಳಿ ಬರೀರಿ.